189ನೇ ಅಮೈನೊ ಆಮ್ಲ ಮತ್ತು ಅದರ ನೆರೆಹೊರೆ

ಟ್ರಿಪ್ಸಿನ್, ಚೈಮೊಟ್ರಿಪ್ಸಿನ್, ಎಲಾಸ್ಟೇಸ್. ಮೂರೂ ಮೇದೋಜೀರಕ ಗ್ರಂಥಿಯಲ್ಲಿ ತಯಾರಾಗಿ, ಸಣ್ಣ ಕರುಳಿಗಿಳಿದು ಪ್ರೋಟೀನ್ ಕಡಿಯುವ ಕಿಣ್ವಗಳು. ಮೂರರ ರಚನೆಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಟ್ಟು ನೋಡಿದರೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತವೆ. ಕಡಿಯುವ ಕೆಲಸದ ಮೂರು ಅಮೈನೊ ಆಮ್ಲಗಳೂ ಅವೇ: ಹಿಸ್ಟಿಡೀನ್ 57, ಆಸ್ಪಾರ್ಟೇಟ್ 102, ಸೆರೀನ್ 195 (ಅಂಕಿ ಎಂದರೆ ಸರಪಳಿಯಲ್ಲಿ ಆ ಸ್ಥಾನಕ್ಕೆ ಕೊಟ್ಟ ಸಂಖ್ಯೆ). ಆದರೆ ಎಲ್ಲಿ ಕಡಿಯಬೇಕು ಎಂಬ ವಿಷಯಕ್ಕೆ ಬಂದಾಗ ಮೂರಕ್ಕೂ ಮೂರು ದಾರಿ. ಟ್ರಿಪ್ಸಿನ್‌ಗೆ ಅರ್ಜಿನೀನ್ ಅಥವಾ ಲೈಸೀನ್ ಬೇಕು. ಚೈಮೊಟ್ರಿಪ್ಸಿನ್‌ಗೆ ಫಿನೈಲ್‌ಅಲನೀನ್, ಟೈರೋಸೀನ್, ಟ್ರಿಪ್ಟೊಫಾನ್‌ನಂಥ ಉಂಗುರವುಳ್ಳವು ಬೇಕು. ಎಲಾಸ್ಟೇಸ್‌ಗೆ ಅಲನೀನ್‌ನಂಥ ಪುಟ್ಟವು ಸಾಕು.

ಪಠ್ಯಪುಸ್ತಕದ ಉತ್ತರ ಎಲ್ಲರಿಗೂ ಗೊತ್ತು. ಸೆರೀನ್ 195ರ ಪಕ್ಕದಲ್ಲಿ ಎಸ್1 ಎಂಬ ಒಂದು ಕಿಸೆ ಇದೆ. ಟ್ರಿಪ್ಸಿನ್‌ನಲ್ಲಿ ಆ ಕಿಸೆಯ ತಳದಲ್ಲಿ, 189ನೇ ಸ್ಥಾನದಲ್ಲಿ, ಋಣ ಆವೇಶದ ಆಸ್ಪಾರ್ಟೇಟ್ ಕೂತಿದೆ. ಹಾಗಾಗಿ ಧನ ಆವೇಶದ ಅರ್ಜಿನೀನ್, ಲೈಸೀನ್ ಅಲ್ಲಿಗೆ ಬರುತ್ತವೆ. ಚೈಮೊಟ್ರಿಪ್ಸಿನ್‌ನಲ್ಲಿ ಅದೇ ಜಾಗದಲ್ಲಿ ಆವೇಶವಿಲ್ಲದ ಸೆರೀನ್ ಇದೆ. ಹಂದಿಯ ಎಲಾಸ್ಟೇಸ್‌ನಲ್ಲಿ ಕಿಸೆಯ ಬಾಯಿಯ ಬಳಿ 216ರಲ್ಲಿ ವ್ಯಾಲೀನ್, 226ರಲ್ಲಿ ಥ್ರಿಯೊನೀನ್ ಬಂದು ದಾರಿ ಕಟ್ಟಿವೆ. ಉಳಿದ ಎರಡರಲ್ಲಿ ಆ ಎರಡೂ ಸ್ಥಾನಗಳಲ್ಲಿ ಗ್ಲೈಸೀನ್, ಅಂದರೆ ಗೋಡೆ ಬೋಳು. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಪೂರ್ತಿ ಅಂಕ ಸಿಗುತ್ತದೆ. ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ಇದು ಅರ್ಧ ಉತ್ತರ. ಉಳಿದರ್ಧವನ್ನು ಬಿಟ್ಟವರು ಔಷಧ ವಿನ್ಯಾಸದಲ್ಲೋ, ಮ್ಯೂಟೆಂಟ್ (ಅಮೈನೊ ಆಮ್ಲ ಬದಲಿಸಿದ ರೂಪ) ಮಾಡುವಾಗಲೋ ತಿಂಗಳುಗಟ್ಟಲೆ ಕಳೆದುಕೊಳ್ಳುತ್ತಾರೆ.

ಮೊದಲು ಕಿಸೆಯನ್ನೇ ಹತ್ತಿರದಿಂದ ನೋಡೋಣ. ಆಳ ಸುಮಾರು 10ರಿಂದ 12 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು). ಬಾಯಿ ಗುಂಡಗಿಲ್ಲ, ಚಪ್ಪಟೆ ಸೀಳು: ಒಂದು ಕಡೆ 3.5ರಿಂದ 4, ಇನ್ನೊಂದು ಕಡೆ 5.5ರಿಂದ 6.5 ಆಂಗ್‌ಸ್ಟ್ರಾಂ. ಬೆಂಜೀನ್ ಉಂಗುರದ ದಪ್ಪ ಸುಮಾರು 3.4 ಆಂಗ್‌ಸ್ಟ್ರಾಂ. ದೇವಸ್ಥಾನದ ಹುಂಡಿಯ ಸೀಳಿಗೆ ನಾಣ್ಯ ಹಾಕುವಂತೆ ಉಂಗುರ ಅಂಚಿನ ಮೇಲೆ ನಿಂತು ಒಳಗಿಳಿಯುತ್ತದೆ. ಎರಡೂ ಬದಿಯ ಗೋಡೆಗಳೆಂದರೆ 190ರಿಂದ 192 ಮತ್ತು 214ರಿಂದ 216ರವರೆಗಿನ ಬೆನ್ನೆಲುಬಿನ (ಅಮೈನೊ ಆಮ್ಲಗಳನ್ನು ಪೋಣಿಸುವ ಮುಖ್ಯ ದಾರದ) ಸರಪಳಿಗಳು. ಉಂಗುರ ಅವುಗಳ ನಡುವೆ ಒತ್ತಾಗಿ ಕೂರುತ್ತದೆ.

ಈ ಕಿಸೆಗೆ ಅಳತೆ ಕೊಟ್ಟು ಹೊಲಿಸಿದಂಥ ಒಂದು ಚಿಕ್ಕ ಅಣು ಬೆಂಜಮಿಡೀನ್. ಒಂದು ಬೆಂಜೀನ್ ಉಂಗುರ, ಅದರ ತುದಿಗೆ ಎರಡು ನೈಟ್ರೋಜನ್ ಇರುವ ಅಮಿಡೀನ್ ಗುಂಪು, ಅಷ್ಟೇ. ಅಮಿಡೀನ್‌ನ ಪಿಕೆಎ (ಅರ್ಧದಷ್ಟು ಅಣುಗಳು ಆವೇಶ ಕಳೆದುಕೊಳ್ಳುವ ಪಿಎಚ್) 11ಕ್ಕೂ ಮೇಲಿರುವುದರಿಂದ ಪಿಎಚ್ 8ರಲ್ಲಿ ಅದು ಯಾವಾಗಲೂ ಧನ ಆವೇಶದಲ್ಲೇ ಇರುತ್ತದೆ. ಆಸ್ಪಾರ್ಟೇಟ್ 189ರ ಎರಡು ಆಕ್ಸಿಜನ್‌ಗಳಿಗೆ ಅಮಿಡೀನ್‌ನ ಎರಡು ನೈಟ್ರೋಜನ್‌ಗಳು ಜೋಡಿಜೋಡಿಯಾಗಿ ಎದುರಾಗುತ್ತವೆ. ಅಂತರ 3 ಆಂಗ್‌ಸ್ಟ್ರಾಂ ಆಸುಪಾಸು. ಇಷ್ಟಕ್ಕೇ ನಿಲ್ಲುವುದಿಲ್ಲ. ಒಂದು ನೈಟ್ರೋಜನ್ ಗ್ಲೈಸೀನ್ 219ರ ಬೆನ್ನೆಲುಬಿನ ಆಕ್ಸಿಜನ್‌ಗೂ, ಇನ್ನೊಂದು ಸೆರೀನ್ 190ರ ಪಕ್ಕಸರಪಳಿಗೂ (ಬೆನ್ನೆಲುಬಿನಿಂದ ಚಾಚಿದ ಕೊಂಬೆ) ಹೈಡ್ರೋಜನ್ ಬಂಧ ಕಟ್ಟುತ್ತವೆ. ಒಂದು ನೀರಿನ ಅಣುವೂ ಒಳಗೇ ಸಿಕ್ಕಿಕೊಂಡಿರುತ್ತದೆ. ಇಷ್ಟೆಲ್ಲ ಸೇರಿ ಹಿಡಿತದ ಸ್ಥಿರಾಂಕ, ಅಂದರೆ ಕೆಐ, ಸುಮಾರು 18 ಮೈಕ್ರೊಮೋಲಾರ್ (ಇದು ಕಿರಿದಾದಷ್ಟೂ ಹಿಡಿತ ಬಿಗಿ).

ಅರ್ಜಿನೀನ್ ಕೂಡ ಹೀಗೇ ಆಸ್ಪಾರ್ಟೇಟನ್ನು ನೇರವಾಗಿ ಎರಡು ಕೈಯಲ್ಲಿ ಹಿಡಿಯುತ್ತದೆ. ಲೈಸೀನ್‌ಗೆ ಉದ್ದ ಸಾಲದು, ನಡುವೆ ಒಂದು ನೀರಿನ ಅಣುವನ್ನು ಇಟ್ಟುಕೊಂಡೇ ಆಸ್ಪಾರ್ಟೇಟನ್ನು ಮುಟ್ಟುತ್ತದೆ. ಟ್ರಿಪ್ಸಿನ್ ಲೈಸೀನ್‌ಗಿಂತ ಅರ್ಜಿನೀನನ್ನು ಕೆಲವು ಪಟ್ಟು ಹೆಚ್ಚು ಇಷ್ಟಪಡುವುದಕ್ಕೆ ಇದೂ ಕಾರಣ. ಕಿಸೆಯೊಳಗಿನ ನೀರನ್ನು ಕಸವೆಂದು ಅಳಿಸಿಹಾಕುವವರು ಇದನ್ನು ಮರೆಯಬಾರದು.

ನಮ್ಮ ಅಡುಗೆಮನೆಯಲ್ಲೂ ಇದೇ ಆಟ ನಡೆದಿರುತ್ತದೆ. ಹುರುಳಿ, ಅವರೆ, ಸೋಯಾದಂಥ ಕಾಳುಗಳಲ್ಲಿ ಬೌಮನ್-ಬರ್ಕ್ ಎಂಬ ಗುಂಪಿನ ಪುಟ್ಟ ಪ್ರೋಟೀನ್‌ಗಳಿವೆ. ಸೋಯಾದ್ದರಲ್ಲಿ 71 ಅಮೈನೊ ಆಮ್ಲಗಳು, ಅವನ್ನು ಬಿಗಿದು ಹಿಡಿಯಲು 7 ಡೈಸಲ್ಫೈಡ್ ಬಂಧಗಳು. ಅದಕ್ಕೆ ಎರಡು ತಲೆ. ಒಂದು ತಲೆಯಲ್ಲಿ ಲೈಸೀನ್ 16 ಚಾಚಿಕೊಂಡಿದೆ, ಅದು ಟ್ರಿಪ್ಸಿನ್‌ನ ಕಿಸೆಗೆ. ಇನ್ನೊಂದರಲ್ಲಿ ಲ್ಯೂಸೀನ್ 43, ಅದು ಚೈಮೊಟ್ರಿಪ್ಸಿನ್‌ನ ಕಿಸೆಗೆ. ಒಂದೇ ಅಣು ಎರಡು ಕಿಣ್ವಗಳನ್ನು ಒಟ್ಟಿಗೆ ಕಟ್ಟಿಹಾಕಬಲ್ಲದು. ಕಾಳನ್ನು ಚೆನ್ನಾಗಿ ಬೇಯಿಸಿಯೇ ತಿನ್ನಬೇಕು ಎನ್ನುವುದಕ್ಕೆ ಇವೂ ಒಂದು ಕಾರಣ. ಸೋಯಾದಲ್ಲಿರುವ ಕುನಿಟ್ಜ್ ಎಂಬ ಇನ್ನೊಂದು ತಡೆಪ್ರೋಟೀನ್ ಎರಡೇ ಡೈಸಲ್ಫೈಡ್‌ಗಳದ್ದು, ಕಾವಿಗೆ ಬೇಗ ಸೋಲುತ್ತದೆ. ಬೌಮನ್-ಬರ್ಕ್ ಹೆಚ್ಚು ಹೊತ್ತು ತಡೆಯುತ್ತದೆ.

ರಚನೆಯನ್ನು ಕಣ್ಣಾರೆ ನೋಡಬೇಕೆಂದರೆ ಪ್ರೋಟೀನ್ ಡೇಟಾ ಬ್ಯಾಂಕಿನಿಂದ 3ಪಿಟಿಬಿ ಎಂಬ ಕಡತ ಇಳಿಸಿಕೊಳ್ಳಿ. ಹಸುವಿನ ಟ್ರಿಪ್ಸಿನ್ ಮತ್ತು ಬೆಂಜಮಿಡೀನ್, 1.7 ಆಂಗ್‌ಸ್ಟ್ರಾಂ ಸ್ಪಷ್ಟತೆಯದ್ದು. ಪೈಮಾಲ್ ಅಥವಾ ಕೈಮೆರಾಎಕ್ಸ್ ಎಂಬ ರಚನೆ ತೋರಿಸುವ ಸಾಫ್ಟ್‌ವೇರ್‌ನಲ್ಲಿ ತೆರೆದು, ಬೆಂಜಮಿಡೀನ್‌ನ ಸುತ್ತ 4 ಆಂಗ್‌ಸ್ಟ್ರಾಂ ಒಳಗಿರುವುದನ್ನು ಮಾತ್ರ ಕಡ್ಡಿಗಳಾಗಿ ತೋರಿಸಿ. ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. 189 ಎನ್ನುವುದು ಸರಪಳಿಯಲ್ಲಿ 189ನೆಯದು ಎಂದರ್ಥವಲ್ಲ. ಇದು ಚೈಮೊಟ್ರಿಪ್ಸಿನ್‌ನ ಎಣಿಕೆ, ಟ್ರಿಪ್ಸಿನ್‌ಗೆ ಎರವಲು ತಂದದ್ದು. ಟ್ರಿಪ್ಸಿನ್ ಇಲ್ಲಿ 16ರಿಂದ ಶುರುವಾಗಿ 245ಕ್ಕೆ ಮುಗಿಯುತ್ತದೆ, ನಡುನಡುವೆ ಸಂಖ್ಯೆಗಳು ಹಾರುತ್ತವೆ, 184ಎ, 188ಎ, 221ಎ ಎಂದು ಅಕ್ಷರ ಸೇರಿದ ಸ್ಥಾನಗಳೂ ಇವೆ. ಅದೇ ಆಸ್ಪಾರ್ಟೇಟ್ ಹಸುವಿನ ಟ್ರಿಪ್ಸಿನೊಜನ್‌ನ (ಟ್ರಿಪ್ಸಿನ್‌ನ ಇನ್ನೂ ಕೆಲಸ ಮಾಡದ ಪೂರ್ವರೂಪ) ನೇರ ಎಣಿಕೆಯಲ್ಲಿ 177. ಜೀನ್ ಸರಣಿಯಲ್ಲಿ 189 ಎಣಿಸಿ ಪ್ರೈಮರ್ (ಜೀನ್ ಬದಲಿಸಲು ಬಳಸುವ ಡಿಎನ್‌ಎ ತುಣುಕು) ಬರೆಸಿದರೆ ಬೇರೆ ಯಾವುದೋ ಅಮೈನೊ ಆಮ್ಲ ಬದಲಾಗುತ್ತದೆ. ಗುರುತು ಹಿಡಿಯಲು ಸುಲಭದ ದಾರಿ, ಸೆರೀನ್ 195ರ ಸುತ್ತಲಿನ ಗ್ಲೈಸೀನ್-ಆಸ್ಪಾರ್ಟೇಟ್-ಸೆರೀನ್-ಗ್ಲೈಸೀನ್-ಗ್ಲೈಸೀನ್ ಎಂಬ ಸಾಲನ್ನು ಹುಡುಕಿ, ಅದರಲ್ಲಿನ ಸೆರೀನ್‌ನಿಂದ ಆರು ಸ್ಥಾನ ಹಿಂದೆ ಎಣಿಸುವುದು.

ಈಗ ಮೇಜಿನ ಮೇಲಿನ ಕೆಲಸ. ಮೂರೂ ಕಿಣ್ವಗಳ ಆಯ್ಕೆಯನ್ನು ಅಳೆಯಲು ಒಂದೇ ಬಣ್ಣ ಬಿಡುವ ಮೂರು ಸಬ್‌ಸ್ಟ್ರೇಟ್‌ಗಳಿವೆ, ಅಂದರೆ ಕಿಣ್ವ ಕಡಿಯುವ ಅಣುಗಳು. ಮೂರರ ಬಾಲದಲ್ಲೂ ಪ್ಯಾರಾ-ನೈಟ್ರೊಅನಿಲೀನ್. ಕಡಿದೊಡನೆ ಅದು ಬಿಡುಗಡೆಯಾಗಿ ದ್ರಾವಣ ಹಳದಿಯಾಗುತ್ತದೆ, 410 ನ್ಯಾನೊಮೀಟರ್‌ನಲ್ಲಿ ಓದಬಹುದು. ಟ್ರಿಪ್ಸಿನ್‌ಗೆ ಬಾಪ್ನಾ ಎಂದು ಕರೆಯುವ ಬೆಂಜಾಯ್ಲ್ ಅರ್ಜಿನೀನ್‌ನದ್ದು, ಚೈಮೊಟ್ರಿಪ್ಸಿನ್‌ಗೆ ಸಕ್ಸಿನೈಲ್-ಅಲನೀನ್-ಅಲನೀನ್-ಪ್ರೋಲೀನ್-ಫಿನೈಲ್‌ಅಲನೀನ್‌ನದ್ದು, ಎಲಾಸ್ಟೇಸ್‌ಗೆ ಸಕ್ಸಿನೈಲ್ ಜೊತೆ ಮೂರು ಅಲನೀನ್‌ಗಳದ್ದು.

ಬಾಪ್ನಾ ನೀರಿನಲ್ಲಿ ಕರಗುವುದಿಲ್ಲ. 43.5 ಮಿಲಿಗ್ರಾಂ ತೂಗಿ 1 ಮಿಲಿಲೀಟರ್ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಪೂರ್ತಿ ಕರಗಿಸಿ. 50 ಮಿಲಿಮೋಲಾರ್ ಟ್ರಿಸ್, ಪಿಎಚ್ 8.2, 20 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಇರುವ ಬಫರನ್ನು 37 ಡಿಗ್ರಿಗೆ ಬೆಚ್ಚಗೆ ಮಾಡಿಕೊಂಡು, ತಿರುಗಿಸುತ್ತ ನಿಧಾನವಾಗಿ ಸೇರಿಸಿ 100 ಮಿಲಿಲೀಟರ್‌ಗೆ ತನ್ನಿ. 1 ಮಿಲಿಮೋಲಾರ್ ಸಿದ್ಧ. ಇದನ್ನು ಫ್ರಿಜ್ಜಿನಲ್ಲಿಡಬೇಡಿ. 25 ಡಿಗ್ರಿಗಿಂತ ಕೆಳಗೆ ಹೋದರೆ ಹರಳುಗಟ್ಟುತ್ತದೆ, ಆ ಮಬ್ಬನ್ನೇ ಯಂತ್ರ ಹಳದಿಯೆಂದು ಓದುತ್ತದೆ. ಕಿಣ್ವ ಹಾಕದ ಕ್ಯುವೆಟ್‌ನಲ್ಲೂ (ಯಂತ್ರದಲ್ಲಿಡುವ ಪುಟ್ಟ ಪಾರದರ್ಶಕ ಪಾತ್ರೆ) ಓದು ಏರುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಟ್ರಿಪ್ಸಿನನ್ನು 1 ಮಿಲಿಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ 1 ಮಿಲಿಲೀಟರ್‌ಗೆ 1 ಮಿಲಿಗ್ರಾಂ ಲೆಕ್ಕದಲ್ಲಿ ಕರಗಿಸಿ ಐಸ್ ಮೇಲಿಡಿ. ಪಿಎಚ್ 3ರಲ್ಲಿ ಅದು ಸುಮ್ಮನಿರುತ್ತದೆ. ಪಿಎಚ್ 8ರ ಬಫರಿನಲ್ಲಿ ಕರಗಿಸಿಟ್ಟರೆ ಊಟ ಮುಗಿಸಿ ಬರುವಷ್ಟರಲ್ಲಿ ತನ್ನನ್ನೇ ತಾನು ಕಡಿದುಕೊಂಡಿರುತ್ತದೆ. ಕ್ಯಾಲ್ಸಿಯಂ ಇರಬೇಕಾದ್ದೂ ಅದಕ್ಕೇ, 70ರಿಂದ 80ರವರೆಗಿನ ಲೂಪ್‌ನಲ್ಲಿ (ಸರಪಳಿಯ ಬಾಗಿದ ಕುಣಿಕೆ) ಕೂತು ಪ್ರೋಟೀನನ್ನು ಬಿಗಿಯಾಗಿಡುತ್ತದೆ. 990 ಮೈಕ್ರೊಲೀಟರ್ ಬಾಪ್ನಾಕ್ಕೆ 10 ಮೈಕ್ರೊಲೀಟರ್ ಕಿಣ್ವ ಸೇರಿಸಿ ಎರಡು ನಿಮಿಷ ಓದಿ. ಬಣ್ಣದ ಗುಣಾಂಕ 8,800. ನಿಮಿಷಕ್ಕೆ 0.088 ಏರಿದರೆ 10 ಮೈಕ್ರೊಮೋಲಾರ್ ಕಡಿದಿದೆ ಎಂದು ಲೆಕ್ಕ. ನಿಮಿಷಕ್ಕೆ 0.05ರಿಂದ 0.1ರ ನಡುವೆ ಸಿಗುವಂತೆ ಕಿಣ್ವವನ್ನು ಹೊಂದಿಸಿಕೊಳ್ಳಿ. ಬಾಟಲಿಯ ಮೇಲೆ ಡಿಎಲ್ (ಕನ್ನಡಿ ಬಿಂಬದಂಥ ಎರಡು ರೂಪಗಳ ಬೆರಕೆ) ಎಂದಿದ್ದರೆ ಅರ್ಧ ಮಾತ್ರ ಎಲ್ ರೂಪ, ಕಡಿಯಲಾಗುವುದು ಅದೊಂದೇ. ಕೆಎಂ (ವೇಗ ಗರಿಷ್ಠದ ಅರ್ಧಕ್ಕೆ ಬರುವ ಸಬ್‌ಸ್ಟ್ರೇಟ್ ಪ್ರಮಾಣ) ಲೆಕ್ಕ ಹಾಕುವಾಗ 0.5 ಮಿಲಿಮೋಲಾರ್ ಎಂದೇ ತೆಗೆದುಕೊಳ್ಳಬೇಕು.

ಇದರ ಮೇಲೆ ಬೆಂಜಮಿಡೀನನ್ನು 0, 10, 25, 50, 100, 200 ಮೈಕ್ರೊಮೋಲಾರ್ ಎಂದು ಏರಿಸುತ್ತ ಹೋಗಿ. ಕೆಎಂ ಸುಮಾರು 1 ಮಿಲಿಮೋಲಾರ್, ಸಬ್‌ಸ್ಟ್ರೇಟ್ ಅದರ ಅರ್ಧ, ಕೆಐ 18 ಎಂದಾದರೆ ವೇಗ ಅರ್ಧಕ್ಕಿಳಿಯಬೇಕಾದ್ದು 27ರ ಹತ್ತಿರ. ಅದಕ್ಕಿಂತ ಬಹಳ ಹೆಚ್ಚು ಬಂದರೆ ಬೆಂಜಮಿಡೀನ್ ಉಪ್ಪಿನ ಬಾಟಲಿ ತೇವ ಎಳೆದುಕೊಂಡು ತೂಕ ತಪ್ಪಿರಬಹುದು. ಜೊತೆಗೆ ಬೆಂಜಮೈಡ್ ಒಂದನ್ನು ಹೋಲಿಕೆಗೆ ಇಡಿ. ಆಕಾರ ಹೆಚ್ಚುಕಡಿಮೆ ಅದೇ, ಒಂದು ನೈಟ್ರೋಜನ್ ಬದಲು ಆಕ್ಸಿಜನ್, ಆವೇಶ ಇಲ್ಲ. ಅದೇ ಪ್ರಮಾಣದಲ್ಲಿ ಅದು ಟ್ರಿಪ್ಸಿನ್‌ನ ಕೆಲಸವನ್ನು ತಡೆಯುವುದಿಲ್ಲ. ಆಕಾರ ಹೊಂದಿದರೆ ಸಾಲದು ಎನ್ನುವುದನ್ನು ಇದಕ್ಕಿಂತ ಅಗ್ಗವಾಗಿ ತೋರಿಸುವ ಪ್ರಯೋಗ ಇಲ್ಲ.

ಚೈಮೊಟ್ರಿಪ್ಸಿನ್ ಕಡೆ ತಿರುಗುವಾಗ ಒಂದು ಎಚ್ಚರ. ಅದು ತನ್ನ ಸಬ್‌ಸ್ಟ್ರೇಟನ್ನು ಕಡಿಯುವ ವೇಗ ಎಷ್ಟೆಂದರೆ, 0.2 ಮಿಲಿಮೋಲಾರ್ ಸಬ್‌ಸ್ಟ್ರೇಟ್‌ಗೆ 0.1 ಮೈಕ್ರೊಗ್ರಾಂ ಕಿಣ್ವ ಸಾಕು. ಅಂದರೆ ಟ್ರಿಪ್ಸಿನ್‌ಗೆ ಹಾಕಿದ್ದರ ನೂರನೇ ಒಂದು ಪಾಲು. ಇದರಿಂದ ಒಂದು ದೊಡ್ಡ ಮೋಸ ಹುಟ್ಟುತ್ತದೆ. ಅಂಗಡಿಯ ಟ್ರಿಪ್ಸಿನ್‌ನಲ್ಲಿ ಶೇಕಡಾ 1ರಷ್ಟು ಚೈಮೊಟ್ರಿಪ್ಸಿನ್ ಬೆರೆತಿದ್ದರೂ ನಿಮ್ಮ 10 ಮೈಕ್ರೊಗ್ರಾಂನಲ್ಲಿ 0.1 ಮೈಕ್ರೊಗ್ರಾಂ ಬಂದುಬಿಟ್ಟಿತು. ಟ್ರಿಪ್ಸಿನ್ ಫಿನೈಲ್‌ಅಲನೀನನ್ನೂ ಚೆನ್ನಾಗಿ ಕಡಿಯುತ್ತದೆ ಎಂಬ ತಪ್ಪು ತೀರ್ಮಾನಕ್ಕೆ ಅಷ್ಟೇ ಸಾಕು. ಅದಕ್ಕೇ ಟಿಪಿಸಿಕೆ ಉಪಚಾರ ಮಾಡಿದ ಟ್ರಿಪ್ಸಿನನ್ನೇ ಕೊಳ್ಳಬೇಕು.

ಆ ಟಿಪಿಸಿಕೆ ಎಂಬುದೇ ಈ ವಿಷಯದ ಒಳ್ಳೆಯ ಪಾಠ. ಹಿಸ್ಟಿಡೀನ್ 57ಕ್ಕೆ ಶಾಶ್ವತವಾಗಿ ಅಂಟಿಕೊಳ್ಳುವ ಕ್ಲೋರೊಮೀಥೈಲ್ ಕೀಟೋನ್ ಗುಂಪು ಅದರ ಒಂದು ತುದಿ, ಫಿನೈಲ್‌ಅಲನೀನ್‌ನ ಪಕ್ಕಸರಪಳಿ ಇನ್ನೊಂದು. ಅದು ಚೈಮೊಟ್ರಿಪ್ಸಿನನ್ನು ಕೊಲ್ಲುತ್ತದೆ, ಟ್ರಿಪ್ಸಿನನ್ನು ಬಿಡುತ್ತದೆ. ಫಿನೈಲ್‌ಅಲನೀನ್ ಜಾಗದಲ್ಲಿ ಲೈಸೀನ್ ಇಟ್ಟರೆ ಟಿಎಲ್‌ಸಿಕೆ, ಅದು ಟ್ರಿಪ್ಸಿನನ್ನು ಕೊಲ್ಲುತ್ತದೆ, ಚೈಮೊಟ್ರಿಪ್ಸಿನನ್ನು ಬಿಡುತ್ತದೆ. ಎರಡೂ 1960ರ ದಶಕದಲ್ಲಿ ಬಂದವು. ಅಂಟುವ ಗುಂಪು ಅದೇ, ಗುರಿಯಾದ ಹಿಸ್ಟಿಡೀನ್ ಅದೇ. ಯಾರ ಮನೆಗೆ ಪ್ರವೇಶ ಎನ್ನುವುದನ್ನು ಕಿಸೆಯೇ ನಿರ್ಧರಿಸಿತು.

ಇನ್ನು ಉಳಿದರ್ಧ ಉತ್ತರಕ್ಕೆ ಬರೋಣ. 189ರದ್ದೇ ಎಲ್ಲ ಕಾರುಬಾರಾದರೆ, ಟ್ರಿಪ್ಸಿನ್‌ನಲ್ಲಿ ಅಲ್ಲಿನ ಆಸ್ಪಾರ್ಟೇಟ್ ತೆಗೆದು ಸೆರೀನ್ ಇಟ್ಟೊಡನೆ ಅದು ಚೈಮೊಟ್ರಿಪ್ಸಿನ್ ಆಗಬೇಕು. 1988ರಲ್ಲಿ ಲಾಸ್ಲೊ ಗ್ರಾಫ್ ಮತ್ತು ಸಂಗಡಿಗರು ಇಲಿಯ ಟ್ರಿಪ್ಸಿನ್‌ನಲ್ಲಿ ಅದನ್ನೇ ಮಾಡಿ ವರದಿ ಮಾಡಿದರು. ಅರ್ಜಿನೀನ್, ಲೈಸೀನ್ ಕಡಿಯುವ ಶಕ್ತಿ ಸುಮಾರು ಒಂದು ಲಕ್ಷ ಪಟ್ಟು ಬಿತ್ತು. ಅದು ನಿರೀಕ್ಷಿತ. ಆದರೆ ಫಿನೈಲ್‌ಅಲನೀನ್ ಕಡಿಯುವ ಶಕ್ತಿ ಅದಕ್ಕೆ ತಕ್ಕಂತೆ ಏರಲಿಲ್ಲ. ಹಳೆಯ ಕೆಲಸ ಹೋಯಿತು, ಹೊಸದು ಬರಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಲಿಜ್‌ಬೆತ್ ಹೆಡ್‌ಸ್ಟ್ರಾಮ್, ವಿಲಿಯಂ ರಟ್ಟರ್ ಮತ್ತು ಜೊತೆಗಾರರು ಮುಂದಿನ ಹೆಜ್ಜೆ ಇಟ್ಟರು. ಕಿಸೆಯ ಗೋಡೆಯ ಇತರ ಕೆಲವು ಸ್ಥಾನಗಳನ್ನು ಬದಲಿಸಿದರೂ ಹೆಚ್ಚೇನೂ ಆಗಲಿಲ್ಲ. ಆಮೇಲೆ ಸಬ್‌ಸ್ಟ್ರೇಟನ್ನು ಮುಟ್ಟುವುದೇ ಇಲ್ಲದ ಎರಡು ಲೂಪ್‌ಗಳನ್ನು, 185ರಿಂದ 188ರದ್ದು ಮತ್ತು 221ರಿಂದ 225ರದ್ದು, ಚೈಮೊಟ್ರಿಪ್ಸಿನ್‌ನಿಂದ ತಂದು ಕೂಡಿಸಿದರು. 1992ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಟ್ರಿಪ್ಸಿನ್ ಕೊನೆಗೂ ಚೈಮೊಟ್ರಿಪ್ಸಿನ್‌ನ ಹಾದಿಗೆ ಬಂತು. ಹಿಡಿತ ಮಾತ್ರ ಸಡಿಲವೇ ಇತ್ತು. 1994ರಲ್ಲಿ 172ನೇ ಟೈರೋಸೀನನ್ನು ಟ್ರಿಪ್ಟೊಫಾನ್‌ಗೆ ಬದಲಿಸಿದಾಗ ಶಕ್ತಿ ಇನ್ನೂ ಹತ್ತಾರು ಪಟ್ಟು ಏರಿತು. ಅಷ್ಟಾದರೂ ಅಸಲಿ ಚೈಮೊಟ್ರಿಪ್ಸಿನ್‌ನ ಸಮಕ್ಕೆ ಬರಲಿಲ್ಲ.

ಮುಟ್ಟದ ಲೂಪ್ ಹೇಗೆ ಆಯ್ಕೆ ಮಾಡುತ್ತದೆ? ಬಾಗಿಲಿನ ಚೌಕಟ್ಟನ್ನು ಗೋಡೆ ಹಿಡಿದಿರುವಂತೆ ಇವು ಕಿಸೆಯನ್ನು ಹಿಂದಿನಿಂದ ಹಿಡಿದಿರುತ್ತವೆ. ಗ್ಲೈಸೀನ್ 216ರ ಬೆನ್ನೆಲುಬು ಯಾವ ಕೋನದಲ್ಲಿ ನಿಲ್ಲುತ್ತದೆ ಎನ್ನುವುದು ಈ ಲೂಪ್‌ಗಳ ಕೈಯಲ್ಲಿದೆ. ಸಬ್‌ಸ್ಟ್ರೇಟ್‌ನ ಸರಪಳಿ 216ಕ್ಕೆ ಹೈಡ್ರೋಜನ್ ಬಂಧಗಳಿಂದ ಒರಗಿ ನಿಲ್ಲುತ್ತದೆ. ಆ ಒರಗು ಸ್ವಲ್ಪ ಓರೆಯಾದರೂ ಕಡಿಯಬೇಕಾದ ಬಂಧ ಸೆರೀನ್ 195ರ ಎದುರಿಗೆ ಸರಿಯಾಗಿ ಬರುವುದಿಲ್ಲ. ಹಾಗಾಗಿ ಇಲ್ಲಿ ಆಯ್ಕೆ ಕಾಣಿಸಿಕೊಳ್ಳುವುದು ಹಿಡಿತದಲ್ಲಿ ಮಾತ್ರವಲ್ಲ, ಕಡಿತದ ವೇಗದಲ್ಲಿ ಇನ್ನೂ ಹೆಚ್ಚಾಗಿ. ಕೆಎಂ ಒಂದನ್ನೇ ಅಳೆದು ಆಯ್ಕೆಯ ಬಗ್ಗೆ ಮಾತಾಡುವವರಿಗೆ ಇದು ತಪ್ಪಿಹೋಗುತ್ತದೆ. ಅಳೆಯಬೇಕಾದ್ದು ಕೆಕ್ಯಾಟ್ (ಒಂದು ಕಿಣ್ವದ ಅಣು ಸೆಕೆಂಡಿಗೆ ಗರಿಷ್ಠ ಎಷ್ಟು ಕಡಿಯುತ್ತದೆ ಎಂಬುದು) ಭಾಗಿಸು ಕೆಎಂ. ಶಕ್ತಿಯ ಲೆಕ್ಕದಲ್ಲಿ ಹತ್ತು ಪಟ್ಟು ವ್ಯತ್ಯಾಸವೆಂದರೆ 25 ಡಿಗ್ರಿಯಲ್ಲಿ ಮೋಲ್‌ಗೆ 1.4 ಕಿಲೊಕ್ಯಾಲರಿಯಷ್ಟೇ. ಒಂದು ಹೈಡ್ರೋಜನ್ ಬಂಧ ಓರೆಯಾದರೆ ಅಷ್ಟು ಹೋಗಿಬಿಡುತ್ತದೆ.

ಇದೇ ಮಾತಿಗೆ ಪ್ರಕೃತಿಯೇ ಕೊಡುವ ಎರಡು ಸಾಕ್ಷಿಗಳಿವೆ. ಟ್ರಿಪ್ಸಿನೊಜನ್‌ನಲ್ಲಿ ಆಸ್ಪಾರ್ಟೇಟ್ 189 ಆಗಲೇ ಇದೆ, ಮೂರು ಕಡಿಯುವ ಅಮೈನೊ ಆಮ್ಲಗಳೂ ಇವೆ. ಆದರೂ ಕೆಲಸ ಇಲ್ಲ. 1970ರ ದಶಕದಲ್ಲಿ ಜರ್ಮನಿಯ ರಾಬರ್ಟ್ ಹೂಬರ್, ವೋಲ್ಫ್‌ರಾಮ್ ಬೋಡೆ ಮತ್ತವರ ಗುಂಪು ತೋರಿಸಿದಂತೆ ಅದರಲ್ಲಿ ಕಿಸೆಯ ಸುತ್ತಲಿನ ಸರಪಳಿಗಳು ಸ್ಥಿರವಾಗಿ ನಿಂತೇ ಇರುವುದಿಲ್ಲ. 15 ಮತ್ತು 16ರ ನಡುವೆ ಕಡಿತ ಬಿದ್ದಾಗ ಐಸೊಲ್ಯೂಸೀನ್ 16ರ ಹೊಸ ತುದಿ ಒಳಗೆ ಹೊಕ್ಕು ಆಸ್ಪಾರ್ಟೇಟ್ 194ರ ಜೊತೆ ಲವಣ ಸೇತುವೆ ಕಟ್ಟುತ್ತದೆ, ಆಗ ಕಿಸೆ ನಿಲ್ಲುತ್ತದೆ. ಎರಡನೆಯದು, ಟ್ರಿಪ್ಸಿನ್ ತನ್ನನ್ನು ತಾನೇ ಕಡಿದುಕೊಂಡಾಗ ಬರುವ ಸ್ಯೂಡೊಟ್ರಿಪ್ಸಿನ್. ಅದರ ಕಡಿತ ಬಿದ್ದಿರುವುದು ಸರಿಯಾಗಿ ಲೈಸೀನ್ 188 ಮತ್ತು ಆಸ್ಪಾರ್ಟೇಟ್ 189ರ ನಡುವೆ. ಒಂದೂ ಅಮೈನೊ ಆಮ್ಲ ಕಳೆದುಹೋಗಿಲ್ಲ, ಆದರೆ ಟ್ರಿಪ್ಸಿನ್‌ನ ಹಳೆಯ ಬಿಗಿ ಆಯ್ಕೆ ಉಳಿದಿರುವುದಿಲ್ಲ, ಚೈಮೊಟ್ರಿಪ್ಸಿನ್ ಥರದ ಕಡಿತ ಶುರುವಾಗುತ್ತದೆ. ಪ್ರೋಟಿಯೋಮಿಕ್ಸ್‌ನಲ್ಲಿ (ಪ್ರೋಟೀನ್‌ಗಳನ್ನು ತುಣುಕು ಮಾಡಿ ಒಟ್ಟಾಗಿ ಗುರುತಿಸುವ ಕೆಲಸ) ರಾತ್ರಿಯಿಡೀ ಟ್ರಿಪ್ಸಿನ್ ಹಾಕಿಟ್ಟು ಬೆಳಗ್ಗೆ ಕಡಿಯಬಾರದ ಜಾಗದಲ್ಲಿ ಕಡಿದ ತುಣುಕುಗಳನ್ನು ಕಾಣುವವರು ಇದನ್ನೂ ನೆನಪಿಡಬೇಕು. ಲೈಸೀನ್‌ಗಳ ಮೇಲೆ ಮೀಥೈಲ್ ಗುಂಪು ಕೂರಿಸಿದ ಟ್ರಿಪ್ಸಿನ್ ಮಾರುಕಟ್ಟೆಯಲ್ಲಿ ಸಿಗುವುದು ಈ ಆತ್ಮಕಡಿತವನ್ನು ತಡೆಯಲೆಂದೇ.

ಡಾಕಿಂಗ್ (ಅಣುವನ್ನು ಕಂಪ್ಯೂಟರಿನಲ್ಲಿ ಕಿಸೆಗೆ ಕೂರಿಸಿ ನೋಡುವುದು) ಮಾಡುವವರಿಗೆ ನಾಲ್ಕು ಮಾತು. 3ಪಿಟಿಬಿಯಿಂದ ಬೆಂಜಮಿಡೀನ್ ತೆಗೆದು, ಅದೇ ಜಾಗವನ್ನು ನಡುವಾಗಿಟ್ಟು 20 ಆಂಗ್‌ಸ್ಟ್ರಾಂ ಚೌಕದ ಪೆಟ್ಟಿಗೆ ಹಾಕಿ ಆಟೊಡಾಕ್ ವೀನಾದಲ್ಲಿ ಮತ್ತೆ ಕೂರಿಸಿ ನೋಡಿ. ಹೈಡ್ರೋಜನ್ ಸೇರಿಸುವಾಗ ಅಮಿಡೀನ್‌ನ ಎರಡು ನೈಟ್ರೋಜನ್‌ಗಳಿಗೂ ಎರಡೆರಡು ಹೈಡ್ರೋಜನ್ ಬಂದಿವೆಯೇ, ಆಸ್ಪಾರ್ಟೇಟ್‌ಗೆ ಒಂದೂ ಬಂದಿಲ್ಲವೇ ಎಂದು ಕಣ್ಣಿನಿಂದ ನೋಡಿ ಖಚಿತ ಮಾಡಿಕೊಳ್ಳಿ. ಮೂಲ ಜಾಗಕ್ಕೂ ಹೊಸ ಜಾಗಕ್ಕೂ 2 ಆಂಗ್‌ಸ್ಟ್ರಾಂಗಿಂತ ಕಡಿಮೆ ಅಂತರ ಬಂದರೆ ಸರಿ. ಹೆಚ್ಚು ಬಂದರೆ ಗಾಬರಿಯಾಗುವ ಮೊದಲು ಉಂಗುರ ಅರ್ಧ ಸುತ್ತು ತಿರುಗಿದೆಯೇ ನೋಡಿ. ಈ ಅಣು ಸಮ್ಮಿತಿಯದ್ದು, ತಿರುಗಿದರೂ ಅದೇ ಭಂಗಿ, ಪರಮಾಣುಗಳ ಹೆಸರು ಹೋಲಿಸುವ ಸಾಫ್ಟ್‌ವೇರ್‌ಗೆ ಮಾತ್ರ ಅದು ತಿಳಿಯುವುದಿಲ್ಲ. ಇನ್ನೊಂದು ಮುಖ್ಯ ಸಂಗತಿ: ವೀನಾದ ಅಂಕದ ಸೂತ್ರದಲ್ಲಿ ವಿದ್ಯುತ್ ಆವೇಶದ ಲೆಕ್ಕವೇ ಇಲ್ಲ. ಬೆಂಜಮಿಡೀನ್‌ಗೂ ಬೆಂಜಮೈಡ್‌ಗೂ ಹತ್ತಿರಹತ್ತಿರದ ಅಂಕ ಬಂದರೆ ಅಚ್ಚರಿಪಡಬೇಡಿ. ಕ್ಯುವೆಟ್ ಹೇಳಿದ್ದನ್ನು ನಂಬಿ.

ಔಷಧಗಳ ವಿಷಯದಲ್ಲಿ ಈ ನೆರೆಹೊರೆಯೇ ನಿರ್ಣಾಯಕ. ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಮತ್ತು ಫ್ಯಾಕ್ಟರ್ ಟೆನ್‌ಎ ಎರಡರ ಕಿಸೆಯ ತಳದಲ್ಲೂ ಆಸ್ಪಾರ್ಟೇಟ್ 189 ಇದೆ. ಅದೊಂದನ್ನೇ ಗುರಿಯಿಟ್ಟರೆ ಅಣು ಟ್ರಿಪ್ಸಿನನ್ನೂ ಹಿಡಿದು ಕೂರುತ್ತದೆ. ವ್ಯತ್ಯಾಸ ಇರುವುದು ಪಕ್ಕದಲ್ಲಿ. 190ರಲ್ಲಿ ಟ್ರಿಪ್ಸಿನ್‌ಗೆ ಸೆರೀನ್, ಈ ಎರಡಕ್ಕೂ ಅಲನೀನ್. ಥ್ರಾಂಬಿನ್‌ನಲ್ಲಿ 60ರ ಲೂಪ್ ಉದ್ದ ಬೆಳೆದು ಟೈರೋಸೀನ್ 60ಎ, ಟ್ರಿಪ್ಟೊಫಾನ್ 60ಡಿ ಕಿಸೆಯ ಪಕ್ಕ ಸೂರಿನಂತೆ ಚಾಚಿವೆ. ಫ್ಯಾಕ್ಟರ್ ಟೆನ್‌ಎಯಲ್ಲಿ ಟೈರೋಸೀನ್ 99, ಫಿನೈಲ್‌ಅಲನೀನ್ 174, ಟ್ರಿಪ್ಟೊಫಾನ್ 215 ಸೇರಿ ಎಸ್4 ಎಂಬ ಇನ್ನೊಂದು ಪೆಟ್ಟಿಗೆ ಕಟ್ಟಿವೆ. ಡಾಬಿಗಾಟ್ರಾನ್ ಎಂಬ ಥ್ರಾಂಬಿನ್ ತಡೆಯ ಔಷಧದಲ್ಲಿ ಬೆಂಜಮಿಡೀನ್ ಹಾಗೇ ಇದೆ, 189ಕ್ಕೆ ನೇರ ಕೈಹಾಕುತ್ತದೆ. ಆದರೆ ಆವೇಶ ಹೊತ್ತ ಅಣು ಕರುಳಿನ ಗೋಡೆ ದಾಟುವುದು ಕಷ್ಟ. ಅದಕ್ಕೇ ಆವೇಶ ಮುಚ್ಚಿದ ಎಟೆಕ್ಸಿಲೇಟ್ ರೂಪದಲ್ಲಿ ನುಂಗಿಸಬೇಕು, ಹಾಗಿದ್ದೂ ರಕ್ತಕ್ಕೆ ಸೇರುವುದು ಶೇಕಡಾ 6-7 ಮಾತ್ರ. ರಿವರೊಕ್ಸಬಾನ್ ಎಂಬ ಔಷಧ ಬೇರೆ ದಾರಿ ಹಿಡಿಯಿತು. ಫ್ಯಾಕ್ಟರ್ ಟೆನ್‌ಎಯ ಎಸ್1ಕ್ಕೆ ಅದು ಇಳಿಸುವುದು ಆವೇಶವೇ ಇಲ್ಲದ ಕ್ಲೋರೊಥಯೊಫೀನ್ ಉಂಗುರ. ಅದರ ಕ್ಲೋರಿನ್ ಆಸ್ಪಾರ್ಟೇಟ್ 189ನ್ನು ಬಿಟ್ಟು, ಕಿಸೆಯ ತಳದಲ್ಲೇ ಇರುವ ಟೈರೋಸೀನ್ 228ರ ಉಂಗುರದ ಮೇಲೆ ಒರಗುತ್ತದೆ. ಉಳಿದ ಬಿಗಿ ಎಸ್4ರಿಂದ ಬರುತ್ತದೆ. 10 ಮಿಲಿಗ್ರಾಂ ಮಾತ್ರೆಯಲ್ಲಿ ಶೇಕಡಾ 80ಕ್ಕೂ ಹೆಚ್ಚು ರಕ್ತಕ್ಕೆ ಸೇರುತ್ತದೆ.